ಕಾರ್ ಶೆಡ್‌ನ ಎಸಿಗೆ ಇಎಲ್‌ಸಿಬಿ ಬೀಳುತ್ತಿದೆ, ತೆಗೆಸಿಬಿಡಲಾ?

ಪ್ರಶ್ನೆ: ಮನೆಯ ಕಾರ್ ಶೆಡ್ಡನ್ನೇ ಟೈಲರಿಂಗ್ ರೂಮ್ ಮಾಡಿಕೊಂಡಿದ್ದೇನೆ. ಮೇಲೆ ಶೀಟ್ ಇರುವುದರಿಂದ ಏಪ್ರಿಲ್‌ನಲ್ಲಿ ಕೂರಲು ಆಗುವುದಿಲ್ಲ ಅಂತ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕಿಸಿದೆ. ಆಗಾಗ ಇಡೀ ಮನೆಯ ಇಎಲ್‌ಸಿಬಿ (ಕರೆಂಟು ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಬೀಳುತ್ತದೆ. ಮಳೆ ಬಂದ ಮರುದಿನ ಜಾಸ್ತಿ. ಎಲೆಕ್ಟ್ರಿಷಿಯನ್ ‘ಬೈಪಾಸ್ ಮಾಡಿಬಿಡೋಣ’ ಅಂತಾರೆ. ಅಮೆರಿಕದಲ್ಲಿರುವ ಮಗ ‘ಇಲ್ಲೂ ಗ್ಯಾರೇಜಿನ ಸಾಕೆಟ್‌ಗೆ ಎಸಿ ಹಾಕಿದರೆ ಟ್ರಿಪ್ ಆಗುತ್ತೆ’ ಅಂತಾನೆ. ಏನು ಮಾಡಲಿ ಸರ್?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಬೈಪಾಸ್ ಮಾತ್ರ ಬೇಡಮ್ಮ. ಶೆಡ್ ಅಂದರೆ ಸಿಮೆಂಟ್ ನೆಲ, ಗಾಡಿ ತೊಳೆದ ನೀರು ಒಳಗೆ ಬರುವ ಜಾಗ. ನೀವು ಅಲ್ಲಿ ಬರಿಗಾಲಲ್ಲಿ ಕಬ್ಬಿಣದ ಪೆಡಲ್ ತುಳಿಯುತ್ತೀರಿ, ಐರನ್ ಬಾಕ್ಸ್ ಹಿಡಿಯುತ್ತೀರಿ. ಮನೆಯಲ್ಲಿ ಎಲ್ಲಿ ಬಿಟ್ಟರೂ ಅಲ್ಲಿ ಈ ರಕ್ಷಣೆ ಬೇಕೇ ಬೇಕು.

ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರಬೇಕು. ಕಡಿಮೆ ಬಂದರೆ ಬೇರೆ ದಾರಿಯಲ್ಲಿ ಸೋರುತ್ತಿದೆ ಅಂತ ಅರ್ಥ. ನಮ್ಮ ಮನೆಗಳಲ್ಲಿ ಆ ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವಷ್ಟರಲ್ಲಿ ಇಎಲ್‌ಸಿಬಿ ಬೀಳುತ್ತದೆ. ಅಮೆರಿಕದ ಗ್ಯಾರೇಜಿನಲ್ಲಿ ಈ ರಕ್ಷಣೆ ಇರುವ ಸಾಕೆಟ್‌ಗಳು 5ರ ಆಸುಪಾಸಿನಲ್ಲೇ ಬೀಳುತ್ತವೆ. ಹಾಗಾಗಿ ಮಗ ಹೇಳಿದ್ದು ಅಲ್ಲಿಗೆ ಸರಿ, ಇಲ್ಲಿಗೆ ಹೊಂದುವುದಿಲ್ಲ. ಚೆನ್ನಾಗಿರುವ ಎಸಿ 30ರಲ್ಲಿ ಆರಾಮಾಗಿ ಓಡಬೇಕು.

ಇನ್ವರ್ಟರ್ ಎಸಿಯ ಸರ್ಕ್ಯೂಟ್‌ನಲ್ಲಿ ಕರೆಂಟಿನ ಫಿಲ್ಟರ್ (ಗಾಳಿಯದಲ್ಲ) ಇರುವುದರಿಂದ ಸ್ವಲ್ಪ ಸೋರಿಕೆ ಸಹಜ. ಆದರೆ ಗೀಸರ್, ವಾಷಿಂಗ್ ಮಷೀನ್, ಸಂಪಿನ ಮೋಟರ್ ಎಲ್ಲದರ ಸೋರಿಕೆಯೂ ಆ ಒಂದೇ ಇಎಲ್‌ಸಿಬಿ ಮೇಲೆ ಕೂಡುತ್ತದೆ. ಸಹಜ ಸೋರಿಕೆಯೆಲ್ಲ ಸೇರಿ 9 ಮಿಲಿಆಂಪ್ ದಾಟಬಾರದು ಅನ್ನುವುದು ನಾವು ಪಾಲಿಸುವ ಲೆಕ್ಕ.

ಮಳೆಯ ಮರುದಿನ ಜಾಸ್ತಿ ಅಂದಿರಲ್ಲ, ನನಗೆ ಅನುಮಾನ ಔಟ್‌ಡೋರ್ ಯೂನಿಟ್ ಮೇಲೆ. ಅದರ ವೈರ್ ಕೂರಿಸುವ ಜಾಗಕ್ಕೆ ನೀರು ಹೋಗಿರಬಹುದು. ಇಲಿ ವೈರ್ ಕಡಿದಿರಬಹುದು, ಹಲ್ಲಿ ಸತ್ತು ಅಂಟಿಕೊಂಡಿರಬಹುದು. ಎರಡು ಯೂನಿಟ್ ನಡುವಿನ ಕೇಬಲ್‌ಗೆ ಹೊರಗೆಲ್ಲೋ ಬರೀ ಟೇಪ್ ಸುತ್ತಿ ಜಾಯಿಂಟ್ ಮಾಡಿದ್ದರೆ ಮೊದಲು ಅದನ್ನೇ ನೋಡಿಸಿ. ಇಎಲ್‌ಸಿಬಿ ಬಿದ್ದಾಗ ಎಸಿಯ ಪ್ಲಗ್ಗನ್ನೇ ಕಿತ್ತು ಮತ್ತೆ ಎತ್ತಿ ನೋಡಿ. ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಸ್ವಿಚ್) ಆಫ್ ಮಾಡಿದರೆ ಸಾಲದು. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಅರ್ತ್‌ಗೆ ತಾಗಿದ್ದರೆ ಆಗಲೂ ಬೀಳುತ್ತದೆ. ಪ್ಲಗ್ ತೆಗೆದ ಮೇಲೂ ಬಿದ್ದರೆ ತಪ್ಪು ಎಸಿಯದಲ್ಲ, ಮನೆಯ ವೈರಿಂಗ್ ಅಥವಾ ಬೇರೆ ಯಾವುದೋ ಯಂತ್ರದ್ದು. ಶೆಡ್‌ಗೆ ಲೈನ್ ಎಳೆಯುವಾಗ ಆ ಇಎಲ್‌ಸಿಬಿಗೆ ಸೇರದ ಪಕ್ಕದ ಸರ್ಕ್ಯೂಟ್‌ನಿಂದ ನ್ಯೂಟ್ರಲ್ ಕದ್ದಿರುವುದು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ, ಆಗ ಕರೆಂಟು ಬೇರೆ ದಾರಿಯಲ್ಲಿ ವಾಪಸಾಗಿ ಇಎಲ್‌ಸಿಬಿ ಬೀಳುತ್ತದೆ.

ರಿಪೇರಿ ಆದಮೇಲೆ ಎಸಿಗೆ ಪ್ರತ್ಯೇಕ ಲೈನ್ ಕೊಡಿಸಿ: 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪ್‌ನ ಆರ್‌ಸಿಬಿಒ, ಸಿ ಕರ್ವ್, 30 ಮಿಲಿಆಂಪ್. ಎಂಸಿಬಿ, ಇಎಲ್‌ಸಿಬಿ ಎರಡರ ಕೆಲಸವನ್ನೂ ಆರ್‌ಸಿಬಿಒ ಒಂದೇ ಮಾಡುತ್ತದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ‘ಟೈಪ್ ಎ’ ಅಂತಲೇ ಕೇಳಿ, ಇನ್ವರ್ಟರ್ ಯಂತ್ರಗಳಿಗೆ ಅದೇ ಸರಿ. ಈ ಲೈನನ್ನು ಮೀಟರ್‌ನಿಂದ ಬರುವ ದಾರಿಯಲ್ಲಿ ಮನೆಯ ಇಎಲ್‌ಸಿಬಿಗಿಂತ ಮುಂಚೆಯೇ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಎರಡೂ ಬೀಳುತ್ತವೆ. 100 ಮಿಲಿಆಂಪ್‌ನದು ಹಾಕೋಣ ಅಂದರೆ ಒಪ್ಪಬೇಡಿ, ಕೈಗೆ ಶಾಕ್ ಹೊಡೆದಾಗ ಅದನ್ನು ನಂಬುವ ಹಾಗಿಲ್ಲ.

ಎಲೆಕ್ಟ್ರಿಷಿಯನ್ ಬಳಿ ಮೆಗ್ಗರ್ (ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಇಲ್ಲದಿದ್ದರೆ, ಇರುವವರನ್ನೇ ಕರೆಸಿ. ಅಲ್ಲಿಯವರೆಗೆ ಎಸಿಯ ಪ್ಲಗ್ ತೆಗೆದಿಟ್ಟು ಫ್ಯಾನ್‌ನಲ್ಲೇ ಕೆಲಸ ಮಾಡಿಮ್ಮ.