ಧಾರವಾಡದ ಹಳೇ ಮನೆಗೆ ಯಾವ ಬೇಬಿ ಮಾನಿಟರ್ ತಗೋಬೇಕು?

ನೀವು ಕೇಳಿದ್ದು ಇಷ್ಟು. ಧಾರವಾಡದಲ್ಲಿ ಕಲ್ಲಿನ ಗೋಡೆಯ ಹಳೇ ಮನೆ. ಐದು ತಿಂಗಳ ಕೂಸು. ಮುಂದಿನ ತಿಂಗಳಿಂದ ನೀವಿಬ್ಬರೂ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತೀರಿ, ಹಗಲು ಹೊತ್ತು ಕೂಸು ನಿಮ್ಮ ಅವ್ವನ ಹತ್ತಿರ. ವೈಫೈ ಕ್ಯಾಮೆರಾ ಸಾಕಾ, ಬೇಬಿ ಮಾನಿಟರ್ ಅಂತಲೇ ಬರುವ ಸೆಟ್ ಬೇಕಾ? ಉಸಿರು, ಎದೆಬಡಿತ ನೋಡುವ ಕಾಲುಚೀಲ ಒಳ್ಳೇದಾ? ಅಮೆರಿಕದಲ್ಲಿರುವ ತಮ್ಮನ ಕೈಲಿ ತರಿಸಬಹುದಾ?

ನೇರವಾಗಿ ಹೇಳುತ್ತೇನೆ. ತನ್ನದೇ ರಿಸೀವರ್ (ಕೂಸಿನ ಶಬ್ದ ಕೇಳಿಸುವ, ಕೈಯಲ್ಲಿ ಹಿಡಿಯುವ ಸಾಧನ) ಇರುವ, ಇಂಟರ್‌ನೆಟ್ ಬೇಡದ ಸೆಟ್ ತಗೊಳ್ಳಿ. ಅದು ಅವ್ವನಿಗೆ. ದುಡ್ಡು ಉಳಿದರೆ ನೀವು ಆಫೀಸಿನಿಂದ ನೋಡೋಕೆ ಒಂದು ಸಾದಾ ವೈಫೈ ಕ್ಯಾಮೆರಾ ಹಾಕಿಸಿ. ಕಾಲುಚೀಲ ಬೇಡ.

ಮಾನಿಟರ್ ಆರಿಸುವಾಗ ಎಲ್ಲರೂ ಕ್ಯಾಮೆರಾ ಹೇಗಿದೆ ಅಂತ ನೋಡುತ್ತಾರೆ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ತಿರುಗುತ್ತದೆ, ಲಾಲಿ ಹಾಡುತ್ತದಾ ಅಂತ. ನಾನು ಮೊದಲು ನೋಡುವುದು ಇನ್ನೊಂದು ತುದಿಯನ್ನು. ಕೂಸು ಅತ್ತಾಗ ಅದನ್ನು ಯಾರು ಕೇಳಿಸಿಕೊಳ್ಳಬೇಕು? ಆಗ ಅವರ ಕೈಯಲ್ಲಿ ಏನಿರುತ್ತದೆ? ನಮ್ಮದೂ ಮಾಳಮಡ್ಡಿಯ ಹಂಚಿನ ಮನೆ. ಮಗಳು ಸಣ್ಣವಳಿದ್ದಾಗ ಹಗಲೆಲ್ಲ ಅವಳ ಜೊತೆ ಇದ್ದದ್ದು ನಮ್ಮ ಅವ್ವ. ಅವ್ವನ ಫೋನ್ ಯಾವಾಗಲೂ ಪಡಸಾಲೆಯಲ್ಲಿ ಚಾರ್ಜಿಗೆ ಇರುತ್ತದೆ, ಅವ್ವ ಹಿತ್ತಲಲ್ಲಿ ಇರುತ್ತಾಳೆ. ಅಂಥವರಿಗೆ ಆ್ಯಪ್ ಹಾಕಿಕೊಟ್ಟು ಏನು ಉಪಯೋಗ? ಇನ್ನೊಂದು ವಿಷಯ, ಬ್ಯಾಟರಿ ಉಳಿಸೋಕೆ ಅಂತ ಆಂಡ್ರಾಯ್ಡ್ ಫೋನುಗಳು ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ಸುಮ್ನೆ ಮಲಗಿಸಿಬಿಡುತ್ತವೆ. ಆಮೇಲೆ ನೋಟಿಫಿಕೇಶನ್ ತಡವಾಗಿ ಬರುತ್ತದೆ, ಇಲ್ಲಾ ಬರುವುದೇ ಇಲ್ಲ. ರಿಸೀವರ್ ಆದರೆ ಒಂದೇ ಕೆಲಸ ಮಾಡುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮುಗಿಯಿತು. ನಮ್ಮ ಅವ್ವ ಅದನ್ನು ಒಂದೇ ದಿನದಲ್ಲಿ ಕಲಿತಳು. ಒಲೆ ಮುಂದೆ ಕೂತಲ್ಲಿಂದಲೇ "ಕೂಸು ಎದ್ದೈತಿ ನೋಡು" ಅಂತ ನಮಗೇ ಕೂಗಿ ಹೇಳುತ್ತಿದ್ದಳು.

ಹಾಗಾಗಿ ಒಳ್ಳೆಯ ಚಿತ್ರಕ್ಕಿಂತ ಒಳ್ಳೆಯ ಶಬ್ದಕ್ಕೆ ಹೆಚ್ಚು ಬೆಲೆ ಕೊಡಿ. ಪರದೆಯನ್ನು ಯಾರೂ ದಿನವಿಡೀ ನೋಡುತ್ತಾ ಕೂರುವುದಿಲ್ಲ, ಕಿವಿ ಮಾತ್ರ ಯಾವಾಗಲೂ ತೆರೆದೇ ಇರುತ್ತದೆ. ಜಗತ್ತಿನ ಮೊದಲ ಬೇಬಿ ಮಾನಿಟರ್‌ನಲ್ಲಿ ಇದ್ದದ್ದೂ ಬರೀ ಶಬ್ದವೇ. 1932ರಲ್ಲಿ ವಿಮಾನಯಾನಿ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣ ಆದಮೇಲೆ ಅಮೆರಿಕದ ಶ್ರೀಮಂತರ ಮನೆಗಳಲ್ಲಿ ಹೆದರಿಕೆ ಹುಟ್ಟಿತ್ತು. 1937ರಲ್ಲಿ ಝೆನಿತ್ ರೇಡಿಯೋ ಕಂಪನಿ 'ರೇಡಿಯೋ ನರ್ಸ್' ಅಂತ ಒಂದು ಸೆಟ್ ತಂದಿತು. ಮಗುವಿನ ಹತ್ತಿರ ಒಂದು ಮೈಕು, ದೊಡ್ಡವರ ಕೋಣೆಯಲ್ಲಿ ಒಂದು ಸ್ಪೀಕರ್. ಶಬ್ದ ಹೋಗುತ್ತಿದ್ದದ್ದು ಮನೆಯ ಕರೆಂಟ್ ವೈರಿನಲ್ಲೇ! ಸ್ಪೀಕರಿನ ಆಕಾರ ಮಾಡಿಕೊಟ್ಟದ್ದು ಶಿಲ್ಪಿ ಇಸಾಮು ನೊಗುಚಿ.

ಈಗ ನಿಮ್ಮ ಗೋಡೆಗಳ ವಿಷಯ. ಡಬ್ಬಿ ಮೇಲೆ 300 ಮೀಟರ್ ಅಂತ ಬರೆದಿರುತ್ತಾರೆ. ಅದು ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಅರ್ಧಕ್ಕರ್ಧ ಸೊರಗಿರುತ್ತದೆ. ನಡುವೆ ಕಬ್ಬಿಣದ ತಿಜೋರಿ ಇದ್ದರಂತೂ ಇನ್ನೂ ಕಷ್ಟ. ರಿಸೀವರ್ ಇರುವ ವಿಡಿಯೋ ಸೆಟ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ವಿವರದಲ್ಲಿ ಎಫ್‌ಎಚ್‌ಎಸ್‌ಎಸ್ ಅಂತ ಇದೆಯಾ ನೋಡಿ. ಹಾಗಂದರೆ ಸಿಗ್ನಲ್ ಒಂದೇ ಚಾನೆಲ್‌ನಲ್ಲಿ ನಿಲ್ಲದೆ ಜಿಗಿಯುತ್ತಾ ಇರುತ್ತದೆ. ಪಕ್ಕದ ಮನೆಯ ವೈಫೈ, ಅಡುಗೆಮನೆಯ ಮೈಕ್ರೋವೇವ್ ಅದನ್ನು ಅಷ್ಟು ಸುಲಭವಾಗಿ ಕೆಡಿಸುವುದಿಲ್ಲ. ಬೇರೆಯವರು ಕದ್ದು ಕೇಳುವುದೂ ಕಷ್ಟ.

ಸೆಟ್ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ತೊಟ್ಟಿಲ ಹತ್ತಿರ ರೇಡಿಯೋ ಹಚ್ಚಿಟ್ಟು, ರಿಸೀವರ್ ಹಿಡಿದುಕೊಂಡು ಅವ್ವ ದಿನವೂ ಎಲ್ಲೆಲ್ಲಿ ಇರುತ್ತಾಳೋ ಅಲ್ಲೆಲ್ಲ ಓಡಾಡಿ. ಒಲೆ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮಾಳಿಗೆ ಮೇಲೆ, ಬಾಗಿಲ ಮುಂದಿನ ಕಟ್ಟೆ ಮೇಲೆ. ಎಲ್ಲಾದರೂ ರೇಡಿಯೋ ಕಡಿದು ಕಡಿದು ಕೇಳಿದರೆ ಕ್ಯಾಮೆರಾ ಇಡುವ ಗೋಡೆ ಬದಲಿಸಿ ನೋಡಿ. ಆಗಲೂ ಆಗದಿದ್ದರೆ ವಾಪಸ್ ಕಳಿಸಿ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಗಳಲ್ಲಿ ನನಗೆ ಕಂಡದ್ದು ಹೆಚ್ಚಾಗಿ ವೈಫೈ ಕ್ಯಾಮೆರಾಗಳೇ. ರಿಸೀವರ್ ಇರುವ ಸೆಟ್ ಆನ್‌ಲೈನ್‌ನಲ್ಲೇ ತರಿಸಬೇಕಾಗಬಹುದು, ಅದಕ್ಕೇ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಈ ಓಡಾಟ ಮುಗಿಸಿಬಿಡಿ.

ನೀರು ಬರುವ ದಿನವನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮ ಊರಲ್ಲಿ ನೀರು ಬಂತು ಅಂದರೆ ಮನೆಯ ಎಲ್ಲರೂ ನಳದ ಹತ್ತಿರವೇ, ಅಲ್ವಾ? ಮೋಟರ್ ಹಚ್ಚಿದ್ದಾಗ ರಿಸೀವರ್ ಎಷ್ಟು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಅದಕ್ಕೆ ಶಬ್ದದ ಜೊತೆ ಸಾಲು ದೀಪ ಹತ್ತುವ ರಿಸೀವರ್ ಹುಡುಕಿ. ಕೂಸು ಅತ್ತಷ್ಟೂ ಜಾಸ್ತಿ ದೀಪ ಹತ್ತುತ್ತದೆ. ಮೊಬೈಲ್ ತರಹ ನಡುಗುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೇದು, ಅವ್ವನಿಗೆ ಸ್ವಲ್ಪ ಕಿವಿ ಮಂದ ಇದ್ದರಂತೂ ಅದು ಬೇಕೇ ಬೇಕು.

ಕರೆಂಟ್ ಹೋದಾಗ ಏನಾಗುತ್ತದೆ ಅಂತಲೂ ಕೇಳಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ರಿಸೀವರಿಗೆ ಬ್ಯಾಟರಿ ಇರುತ್ತದೆ, ಆದರೆ ಕೂಸಿನ ಪಕ್ಕ ಇರುವ ಭಾಗಕ್ಕೆ ಎಷ್ಟೋ ಸೆಟ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ. ಎರಡೂ ಕಡೆ ಬ್ಯಾಟರಿ ಇರುವುದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ. ಸಿಗದಿದ್ದರೆ ಅದರ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರಲಿ. ಸಂಪರ್ಕ ಕಡಿದರೆ ರಿಸೀವರ್ ಬೀಪ್ ಅನ್ನಲೇಬೇಕು. ಇದನ್ನು ಪ್ಲಗ್ ಕಿತ್ತು ನೀವೇ ನೋಡಿ. ಬೀಪ್ ಇಲ್ಲದಿದ್ದರೆ ಎಷ್ಟೇ ಚಂದ ಇದ್ದರೂ ಆ ಸೆಟ್ ಬೇಡ. ಸೆಟ್ ಬಂದ್ ಆಗಿದ್ದರೂ ಕೂಸು ಮಲಗಿದೆ ಅಂತಲೇ ಅಂದುಕೊಂಡು ಕೂರುತ್ತೀರಿ.

ಇನ್ನು ತೊಟ್ಟಿಲು. ಇದರ ಬಗ್ಗೆ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಈ ಮಾನಿಟರ್‌ಗಳನ್ನೆಲ್ಲ ಅಲ್ಲಾಡದೆ ನಿಂತಿರುವ ಮಂಚಕ್ಕೆ ಅಂತ ಮಾಡಿದ್ದು. ನಮ್ಮ ಮನೆಯಲ್ಲಿದ್ದದ್ದು ಕಲಘಟಗಿಯ ಬಣ್ಣದ ತೊಟ್ಟಿಲು, ಸರಪಳಿಗೆ ತೂಗುಹಾಕಿದ್ದು. ಕ್ಯಾಮೆರಾವನ್ನು ಬದಿಯ ಗೋಡೆಗೆ ಹಾಕಿದರೆ ತೊಟ್ಟಿಲಿನ ಕಟಕಟೆಯೇ ಕಾಣುತ್ತದೆ, ಕೂಸು ಕಾಣುವುದಿಲ್ಲ. ತೂಗಿದಾಗ ಕೂಸು ಚಿತ್ರದೊಳಗೆ ಬಂದು ಹೋಗಿ ಮಾಡುತ್ತದೆ. ತೊಟ್ಟಿಲು ಯಾವ ದಿಕ್ಕಿಗೆ ತೂಗುತ್ತದೋ ಆ ತುದಿಯ ಗೋಡೆಗೆ ಎತ್ತರದಲ್ಲಿ ಹಾಕಿ, ಕೆಳಮುಖ ಮಾಡಿ. ಆಗ ಕೂಸು ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಚಿತ್ರದಿಂದ ಆಚೆ ಮಾತ್ರ ಹೋಗುವುದಿಲ್ಲ. ಚಲನೆ ಕಂಡರೆ ಎಚ್ಚರಿಸುವ ಸೌಲಭ್ಯ ಇದ್ದರೆ ಅದನ್ನು ಬಂದ್ ಮಾಡಿಬಿಡಿ. ತೊಟ್ಟಿಲು ತೂಗಿದಾಗಲೆಲ್ಲ ಕೂಗುತ್ತದೆ, ಎರಡು ದಿನಕ್ಕೆ ಯಾರೂ ಅದಕ್ಕೆ ಕಿವಿಗೊಡುವುದಿಲ್ಲ.

ಸೊಳ್ಳೆ ಪರದೆ ಇನ್ನೊಂದು ತೊಡಕು. ಕತ್ತಲಲ್ಲಿ ಕ್ಯಾಮೆರಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಆ ಬೆಳಕು ಪರದೆಯ ದಾರಕ್ಕೆ ತಗುಲಿ ಹಿಂದಕ್ಕೆ ಬರುತ್ತದೆ. ಹಗಲು ಚೆನ್ನಾಗಿ ಕಾಣುತ್ತಿದ್ದ ಕೂಸು ರಾತ್ರಿ ಬಿಳಿ ಮಂಜಿನ ಹಿಂದೆ ಮರೆಯಾಗುತ್ತದೆ. ಕೂಸಿಗೆ ನೀರು ಹಾಕಿದ ಮೇಲೆ ಲೋಬಾನದ ಹೊಗೆ ಕೊಡುವ ರೂಢಿ ಇದ್ದರೆ ಆಗಲೂ ಹೀಗೇ ಆಗುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ತಿಳಿಯಬೇಡಿ. ಇನ್‌ಫ್ರಾರೆಡ್ ಬಂದ್ ಮಾಡಿ, ಕೋಣೆಯಲ್ಲಿ ಒಂದು ಸಣ್ಣ ಮಂದ ದೀಪ ಹಚ್ಚಿಡಿ, ಅಷ್ಟು ಸಾಕಾಗುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಕ್ಯಾಮೆರಾವನ್ನಾಗಲಿ ಅದರ ವೈರನ್ನಾಗಲಿ ತೊಟ್ಟಿಲಿಗೆ, ಸರಪಳಿಗೆ ಕಟ್ಟಲೇಬೇಡಿ. ಮಾನಿಟರಿನ ವೈರು ಕತ್ತಿಗೆ ಸುತ್ತಿ ಮಕ್ಕಳು ಸತ್ತ ಘಟನೆಗಳು ಅಮೆರಿಕದಲ್ಲಿ ಆಗಿವೆ, ಅದಕ್ಕೇ ಕನಿಷ್ಠ 3 ಅಡಿ ದೂರ ಇರಬೇಕು ಅಂತ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳುತ್ತದೆ. ಐದು ತಿಂಗಳಿಗೆ ಕೈ ಚಾಚುತ್ತದೆ, ಇನ್ನು ಸ್ವಲ್ಪ ದಿನಕ್ಕೆ ಎಳೆಯೋಕೆ ಶುರು ಮಾಡುತ್ತದೆ. ಸೀರೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸುತ್ತೀರಾದರೆ ಮಾನಿಟರ್ ನಂಬಿ ಆಚೆ ಹೋಗಬೇಡಿ. ಅದರಲ್ಲಿ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಂದರೆ ಆಗಬಹುದು. ಮುಖ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ, ಉಸಿರುಕಟ್ಟಿದ ಕೂಸು ಅಳುವುದೂ ಇಲ್ಲ.

ವೈಫೈ ಕ್ಯಾಮೆರಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೇಶ್ವಾಪುರದಲ್ಲಿ ನನ್ನ ತಂಗಿಯದು ಎರಡು ಬೆಡ್‌ರೂಮಿನ ಫ್ಲ್ಯಾಟ್, ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಫೋನ್. ಅವರಿಗೆ ಅದೇ ಸಾಕಾಯಿತು. ಸುಮಾರು 2,000 ರೂಪಾಯಿಗೆ ಸಿಗುತ್ತದೆ, ಪರದೆ ಇರುವ ಮಾನಿಟರ್ ಸೆಟ್ ಅಂದರೆ ಅದರ ಮೂರು ನಾಲ್ಕು ಪಟ್ಟು. ನೀವೂ ಒಂದು ಹಾಕಿಸಿದರೆ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ತಂದಿಡಿ. ಸೆಟಪ್ ಮಾಡುವಾಗ ಫೋನನ್ನು 2.4 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿ, ಬಹಳಷ್ಟು ಕ್ಯಾಮೆರಾಗಳು 5 ಗಿಗಾಹರ್ಟ್ಸ್‌ಗೆ ಸೇರುವುದೇ ಇಲ್ಲ. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ಲಾಗಿನ್ ಹಾಕಿ. ಅಂಗಡಿಯ ಹುಡುಗ ಅವನ ಫೋನಿನಿಂದ ಸೆಟಪ್ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ, ಮೊದಲ ಲಾಗಿನ್ ನಿಮ್ಮದೇ ಆಗಿರಲಿ.

ಅದಕ್ಕಿಂತ ಮುಖ್ಯ, ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಅದು ಹಾಲು ಕುಡಿಸುವ ಕೋಣೆ, ಎಣ್ಣೆ ಹಚ್ಚುವ ಕೋಣೆ. ಕ್ಯಾಮೆರಾ ತೊಟ್ಟಿಲನ್ನಷ್ಟೇ ನೋಡಲಿ, ಮಂಚವನ್ನಲ್ಲ. ಬೇಕೆಂದಾಗ ಕಣ್ಣು ಮುಚ್ಚುವ ಪ್ರೈವಸಿ ಬಟನ್ ಇರಲಿ. ನಿಮ್ಮ ಅವ್ವನಿಗೂ ನೀವು ಆಫೀಸಿನಿಂದ ನೋಡುತ್ತೀರಿ ಅನ್ನುವುದು ಮೊದಲೇ ಗೊತ್ತಿರಬೇಕು. ದಿನವಿಡೀ ಕೂಸನ್ನು ಎತ್ತಿ ಆಡಿಸುವ ಹಿರಿಯರಿಗೆ ತಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅನ್ನಿಸಿದರೆ ಆ ನೋವು ಬೇಗ ಹೋಗುವುದಿಲ್ಲ.

ಕಾಲುಚೀಲ ಯಾಕೆ ಬೇಡ ಅಂದೆ? ಮಲಗಿದಲ್ಲೇ ಮಗು ತೀರಿಹೋಗುವ ಭಯಕ್ಕೆ ಜನ ಅದನ್ನು ಕೊಳ್ಳುತ್ತಾರೆ. ಆ ಭಯ ನನಗೂ ಗೊತ್ತು. ಆದರೆ ಅದನ್ನು ತಡೆಯೋಕೆ ಇಂಥ ಮಾನಿಟರ್ ಮೇಲೆ ಅವಲಂಬಿಸಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಸಲಹೆಯಲ್ಲೂ ಹೇಳಿದೆ. ಅವರು ಹೇಳುವುದು ದುಡ್ಡು ಬೇಡದ ಮಾತು. ಯಾವಾಗಲೂ ಬೆನ್ನ ಮೇಲೆ ಮಲಗಿಸಿ, ಹಾಸಿಗೆ ಗಟ್ಟಿ ಮತ್ತು ಸಮ ಇರಲಿ, ಸುತ್ತ ದಿಂಬು, ದುಪ್ಪಟಿ ಬೇಡ, ಹತ್ತಿರ ಯಾರೂ ಸಿಗರೇಟ್ ಸೇದಬಾರದು. ಕನಿಷ್ಠ ಆರು ತಿಂಗಳು ರಾತ್ರಿ ನಿಮ್ಮದೇ ಕೋಣೆಯಲ್ಲಿ, ಬೇರೆ ಹಾಸಿಗೆಯಲ್ಲಿ ಮಲಗಲಿ. ಅವಧಿಗೆ ಮೊದಲೇ ಹುಟ್ಟಿದ ಕೂಸು, ಇಲ್ಲಾ ಬೇರೆ ತೊಂದರೆ ಇದೆ ಅಂದರೆ ನಿಮ್ಮ ಡಾಕ್ಟರ್ ಹೇಳಿದ ಯಂತ್ರವನ್ನೇ ತಗೊಳ್ಳಿ.

ಕೊನೆಗೆ ತಮ್ಮನ ವಿಷಯ. ಅಲ್ಲಿಂದ ಬರುವ ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದ್ದರೆ ನಮ್ಮ 230 ವೋಲ್ಟ್‌ಗೆ ನಡೆಯುತ್ತದೆ, ಬರೀ 120 ಅಂತಿದ್ದರೆ ಸುಟ್ಟುಹೋಗುತ್ತದೆ. ಇದಕ್ಕಾದರೂ ಬೇರೆ ಅಡಾಪ್ಟರ್ ಹಾಕಬಹುದು. ದೊಡ್ಡ ತೊಡಕು ಶಬ್ದದ ಸೆಟ್‌ಗಳದು. ಅಲ್ಲಿ ಚೆನ್ನಾಗಿ ಕೇಳುವ ಸೆಟ್‌ಗಳು ಹೆಚ್ಚಾಗಿ ಡೆಕ್ಟ್ ತಂತ್ರದವು, ಅಂದರೆ ಮನೆಯ ಕಾರ್ಡ್‌ಲೆಸ್ ಫೋನಿನ ರೇಡಿಯೋ ತಂತ್ರ. ಅಮೆರಿಕದ ಡೆಕ್ಟ್ 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಅದು ಮೊಬೈಲ್ ಫೋನುಗಳು ಟವರಿಗೆ ಮಾತಾಡುವ ಜಾಗ. ಇಲ್ಲಿ ಹಚ್ಚಿದರೆ ಮೊಬೈಲ್ ನೆಟ್‌ವರ್ಕಿಗೆ ಅಡ್ಡಿ, ನಿಮ್ಮ ಮಾನಿಟರಿಗೂ ಅಡ್ಡಿ. ರಿಪೇರಿಗೆ, ಬ್ಯಾಟರಿಗೆ ಮತ್ತೆ ಅವನನ್ನೇ ಕೇಳಬೇಕು, ವಾಪಸ್ ಕೊಡೋಕೂ ಆಗಲ್ಲ. ಇಲ್ಲೇ ಸಿಗುವುದನ್ನು ತಗೊಳ್ಳಿ. ತಮ್ಮನಿಗೆ ಬೇಡ ಅಂತ ಇವತ್ತೇ ಒಂದು ಮೆಸೇಜ್ ಹಾಕಿ, ಅವನು ಕೊಂಡ ಮೇಲೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ.