ಸಂಪಾದಕರ ಉತ್ತರ: ಇಳಿಯದೆ ಹೋದ ಸೈಕಲ್ಲು

ಓದುಗರ ಪತ್ರದ ಸಾರ: "ಐವತ್ತು ವರ್ಷ ನನ್ನ ಗೆಳೆಯನಾಗಿದ್ದವನು ಸಂಕ್ರಾಂತಿ ಕಳೆದ ವಾರಕ್ಕೆ ತೀರಿಕೊಂಡ. ಅವನ ಬಗ್ಗೆ ಬರೆದು ಕಳಿಸಿದ ಲೇಖನವನ್ನು 'ಸಾರ್ವಜನಿಕ ಮಹತ್ವ ಕಡಿಮೆ' ಎಂದು ಒಂದೇ ಸಾಲು ಗೀಚಿ ವಾಪಸು ಕಳಿಸಿದಿರಿ. ಹೌದು, ಅವನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಸಂಸಾರ ತೂಗಿಸಿದ, ನನ್ನ ಜೊತೆಗಿದ್ದ, ಅಷ್ಟೆ. ಮಾಸ್ತಿಯವರ ಬಗ್ಗೆ ಬರೆದಿದ್ದರೆ ವಾಪಸು ಕಳಿಸುತ್ತಿದ್ದಿರಾ?" – ತಿಪಟೂರಿನ ನಿವೃತ್ತ ಮೇಷ್ಟರೊಬ್ಬರು (ಹೆಸರು ಬೇಡವೆಂದಿದ್ದಾರೆ).

ಮೇಷ್ಟರೇ,

ಆ ಸಾಲು ಗೀಚಿದವನು ನಾನೇ. ತಿಂಗಳ ಕೊನೆ, ಮೇಜಿನ ಮೇಲೆ ಇಂಥವೇ ಹದಿನಾಲ್ಕು ಲೇಖನ, ಅಚ್ಚಿಗೆ ಕಳಿಸಲು ಎರಡು ದಿನ. ಇದು ಸಮಜಾಯಿಷಿ ಅಂತ ನನಗೂ ಗೊತ್ತು. ಲೇಖನ ವಾಪಸಾಗಬೇಕಿತ್ತು, ಆದರೆ ಆ ಕಾರಣಕ್ಕಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮಾಸ್ತಿಯವರ ಹೆಸರು ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. 1891ರ ಜೂನ್ 6ರಂದು ಹುಟ್ಟಿ, 1986ರ ಜೂನ್ 6ರಂದೇ ಹೋದರು. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆ, 'ಚಿಕವೀರ ರಾಜೇಂದ್ರ'ಕ್ಕೆ ಜ್ಞಾನಪೀಠ, ಎಲ್ಲವೂ ಇತ್ತು. ಆದರೆ ಬಸವನಗುಡಿ ಕಡೆಯ ಹಳಬರನ್ನು ಮಾತಿಗೆಳೆಯಿರಿ, ಅವರು ಜ್ಞಾನಪೀಠದಿಂದ ಶುರು ಮಾಡುವುದಿಲ್ಲ. ಗವಿಪುರದ ಮನೆಯಿಂದ ಕೋಟು, ಪೇಟ, ಕೈಯಲ್ಲೊಂದು ಕೊಡೆ, ಸಂಜೆಯಾದರೆ ಕ್ಲಬ್ಬಿನ ಕಡೆ ನಡೆದು ಹೋಗುತ್ತಿದ್ದ ಮುದುಕರು ಅವರ ಕಣ್ಣಿಗೆ ಬರುತ್ತಾರೆ. ಹೋಗುತ್ತಿದ್ದದ್ದು ಇಸ್ಪೀಟಾಡುವುದಕ್ಕೆ. ಆರು ಹೆಣ್ಣುಮಕ್ಕಳ ತಂದೆ. ಕನ್ನಡದ ಆಸ್ತಿ ಅಂತ ನಾವು ವೇದಿಕೆ ಮೇಲೆ ಹೇಳುವವರೇ ಅಲ್ಲಿ ಎಲೆ ಕಲೆಸುತ್ತಾ ಕೂತಿರುತ್ತಿದ್ದರು.

ಇನ್ನು ಗೆಳೆತನ. ಬೇಂದ್ರೆಯವರು ಮಾಸ್ತಿಯವರಿಗಿಂತ ಐದು ವರ್ಷಕ್ಕೆ ಚಿಕ್ಕವರು, ಕರೆಯುತ್ತಿದ್ದದ್ದು 'ಅಣ್ಣ' ಅಂತ. ಒಬ್ಬರ ಮನೆಮಾತು ತಮಿಳು, ಇನ್ನೊಬ್ಬರದು ಮರಾಠಿ, ಅಣ್ಣತಮ್ಮಂದಿರಾದದ್ದು ಕನ್ನಡದಲ್ಲಿ. ಧಾರವಾಡದಲ್ಲಿ 1940ರಲ್ಲಿ ಹುಟ್ಟಿದ 'ಜೀವನ' ಪತ್ರಿಕೆ ಕೆಲವೇ ವರ್ಷಕ್ಕೆ ಬೆಂಗಳೂರಿಗೆ ಬಂತು, ಮಾಸ್ತಿಯವರು ಅದನ್ನು ಎರಡು ದಶಕ ನಡೆಸಿದರು. ಪತ್ರಿಕೆ ನಡೆಸುವುದು ಎಂದರೇನು ಅಂತ ಬಲ್ಲ ನನಗೆ, ಅವರ ಕಾದಂಬರಿಗಳಿಗಿಂತ ಇದೇ ಹೆಚ್ಚು ಬೆರಗು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಡಿವಿಜಿಯವರದು. ತಾವು ಕಂಡವರನ್ನು ನೆನೆದು ಅವರು ಬರೆದ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ಮೈಸೂರಿನ ದಿವಾನರಿಗೆಂದೇ ಒಂದು ಸಂಪುಟವಿದೆ. ಹಾಗೆಯೇ ಊರಾಚೆಗೆ ಹೆಸರೇ ಕೇಳಿರದ ವೈದಿಕರಿಗೂ ಮುಳಬಾಗಿಲಿನ ಕಡೆಯ ಜನಕ್ಕೂ ಅಷ್ಟೇ ಪ್ರೀತಿಯಿಂದ ಜಾಗ ಸಿಕ್ಕಿದೆ. ದಿವಾನರ ಸಂಪುಟವನ್ನು ನಾನು ಒಮ್ಮೆ ಓದಿ ಇಟ್ಟೆ. ಉಳಿದವನ್ನು ಆಗಾಗ ತೆಗೆಯುತ್ತಿರುತ್ತೇನೆ. ಇಷ್ಟೆಲ್ಲ ಓದಿಕೊಂಡವನು 'ಸಾರ್ವಜನಿಕ ಮಹತ್ವ' ಅಂತ ಬರೆದದ್ದಕ್ಕೆ ನೀವು ಎಷ್ಟು ಬೈದರೂ ಸರಿಯೇ.

ಈಗ ನಿಮ್ಮ ಲೇಖನದ ಮಾತು. ಎರಡೂವರೆ ಪುಟದಲ್ಲಿ ನಿಮ್ಮ ಗೆಳೆಯರು 'ಸ್ನೇಹಜೀವಿ', 'ಅಜಾತಶತ್ರು', 'ಸರಳ ಸಜ್ಜನಿಕೆಯ ಸಾಕಾರಮೂರ್ತಿ', 'ಮಾದರಿ ಗೃಹಸ್ಥ'. ಈ ಮಾತುಗಳನ್ನು ಕತ್ತರಿಸಿ ಆ ದಿನ ಬಂದ ಉಳಿದ ಹದಿಮೂರು ಲೇಖನಗಳಿಗೆ ಅಂಟಿಸಿದರೂ ಯಾರಿಗೂ ಗೊತ್ತಾಗದು. ಸತ್ತವರ ಬಗ್ಗೆ ಬರೆಯುವಾಗ ನಮಗೆಲ್ಲ ಒಂದು ಬಗೆಯ ಮಡಿ ಬಂದುಬಿಡುತ್ತದೆ. ಹಾರ ಹಾಕಿದ ಪಟದ ಮುಂದೆ ಕೈಮುಗಿದು ನಿಂತ ಹಾಗೆ ಬರೆಯುತ್ತೇವೆ. ಮಂಡಿಯಲ್ಲಿ ಲೆಕ್ಕ ಬರೆದವರು ಅಂತ ನನಗೆ ತಿಳಿದದ್ದೇ ನಿಮ್ಮ ಜಗಳದ ಪತ್ರದಿಂದ.

ಆ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಲ್ಲಿ ನೀವು ಎಷ್ಟು ಚೆನ್ನಾಗಿ ಬರೆಯುತ್ತೀರಿ! ಸಂಜೆ ಮಂಡಿ ಮುಚ್ಚಿದ ಮೇಲೆ ಅವರು ನಿಮ್ಮಲ್ಲಿಗೆ ಬಂದರೆ ಮೊದಲು ಕಾಫಿ ಅಲ್ಲ, ಅಟ್ಟ. ಕೊಬ್ಬರಿಯಾಗಲೆಂದು ಅಲ್ಲಿ ಹತ್ತು ಹನ್ನೊಂದು ತಿಂಗಳು ಬಿಟ್ಟ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇನ್ನೂ ನೀರಿದೆಯೋ ಹೇಳಿಬಿಡುತ್ತಿದ್ದರು. "ಇನ್ನೊಂದು ತಿಂಗಳು ಇರಲಿ ಬಿಡೋ" ಅಂದರೆ ಮುಗಿಯಿತು. ಮೂವರು ತಂಗಿಯರನ್ನು ದಡ ಸೇರಿಸಿ ಮೂವತ್ತಾರಕ್ಕೆ ತಾವು ಮದುವೆಯಾದರು. ನಿಮ್ಮ ಮನೆಯವರು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ಹೇಳದೆ ಕೇಳದೆ ಬಂದು ಹನ್ನೊಂದು ದಿನ ವರಾಂಡದಲ್ಲಿ ಮಲಗಿದರು. ಇದರಲ್ಲಿ ಒಂದಾದರೂ ಲೇಖನದಲ್ಲಿ ಇತ್ತೇ?

ಎಲ್ಲಕ್ಕಿಂತ, ಆ ಚೀಟಿ ದುಡ್ಡಿನ ಮುನಿಸು. ಎಂಟು ತಿಂಗಳು ಮಾತು ಬಿಟ್ಟಿದ್ದಿರಿ. ಆದರೂ ದಿನಾ ಸಂಜೆ ಅದೇ ಹೊತ್ತಿಗೆ ಅವರ ಸೈಕಲ್ಲು ನಿಮ್ಮ ಮನೆ ಮುಂದೆ ಬರುತ್ತಿತ್ತು, ಬೆಲ್ಲು ಎರಡು ಸಲ ಹೊಡೆಯುತ್ತಿತ್ತು, ಇಳಿಯದೆ ಮುಂದಕ್ಕೆ ಹೋಗುತ್ತಿತ್ತು. ನೀವು ಒಳಗೆ ಪೇಪರು ಹಿಡಿದು ಕೂತು, ಓದದೆ, ಆ ಬೆಲ್ಲಿಗೇ ಕಾಯುತ್ತಿದ್ದಿರಿ. ಇಷ್ಟನ್ನು ನನಗೆ ಬರೆದು ಕೊನೆಗೆ, "ಇದನ್ನೆಲ್ಲ ಅಚ್ಚು ಹಾಕಬೇಡಿ, ಮನೆ ವಿಷಯ" ಅಂದಿದ್ದೀರಿ. ಈ ಅಂಕಣಕ್ಕಾಗಿ ಫೋನಿನಲ್ಲಿ ಕಾಡಿ ಬೇಡಿ ನಿಮ್ಮ ಒಪ್ಪಿಗೆ ಪಡೆದೆ, ಅವರ ಮನೆಯವರನ್ನೂ ನೀವೇ ಕೇಳಿದಿರಿ. ಅದಕ್ಕೆ ಋಣಿ.

ಆದ್ದರಿಂದ ಲೇಖನ ಬೇಡ, ಆ ಪತ್ರವನ್ನೇ ಬೆಳೆಸಿ ಕಳಿಸಿ. ನಾಲ್ಕು ಪುಟ ತೆಗೆದಿಟ್ಟಿದ್ದೇನೆ. ನನ್ನನ್ನು ಬೈದ ಭಾಗ ಹಾಗೇ ಇರಲಿ. ಫೋಟೋ ಕಳಿಸುವುದಾದರೆ ಪೇಟ ತೊಡಿಸಿ ಸನ್ಮಾನ ಮಾಡಿದ್ದು ಬೇಡ. ಮಂಡಿಯಲ್ಲೋ ಮಗಳ ಮದುವೆಯ ಪಂಕ್ತಿಯಲ್ಲೋ ಯಾರೋ ತೆಗೆದದ್ದು, ಮಸುಕಾಗಿದ್ದರೂ ಪರವಾಗಿಲ್ಲ. ಅವರ ತಂಗಿಯರನ್ನೂ ಒಂದು ಮಾತು ಕೇಳಿ. ಗಂಡಸರಿಗೆ ಗೊತ್ತಿರದ ಲೆಕ್ಕ ಅವರ ಹತ್ತಿರ ಇರುತ್ತದೆ.

ಮತ್ತೊಂದು. ಎಂಟು ತಿಂಗಳ ಮೇಲೆ ಮೊದಲು ಮಾತಾಡಿದವರು ಯಾರು, ಏನಂದರು ಅಂತ ನೀವು ಬರೆದಿಲ್ಲ. ಫೋನಿನಲ್ಲಿ ಕೇಳಿದಾಗಲೂ ಮಾತು ಮರೆಸಿದಿರಿ. ಅದು ಇಲ್ಲದೆ ಅಚ್ಚಿಗೆ ಕಳಿಸುವುದಿಲ್ಲ.

– ಸಂ.