ಭುಜದ ಬಳಿಯ ಮುರಿತಕ್ಕೆ ಪ್ಲೇಟ್ ಬೇಕೇ?

ಪ್ರಶ್ನೆ: 68 ವರ್ಷದ ನನ್ನ ತಾಯಿಯವರು ಜಾರಿ ಬಿದ್ದು ಭುಜದ ಹತ್ತಿರ ತೋಳಿನ ಎಲುಬು ಮುರಿದುಕೊಂಡಿದ್ದಾರೆ. ಪ್ಲೇಟ್ ಹಾಕಿಸಲೇಬೇಕೇ?
– ಓದುಗರು, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ತುಂಡುಗಳು ಹೆಚ್ಚು ಸರಿದಿಲ್ಲವಾದರೆ ಬೇಡ, ಕೊರಳಿಗೆ ಕಟ್ಟುವ ತೋಳುಪಟ್ಟಿ ಸಾಕು. ಸರಿದಿದ್ದರೂ ಅವಸರ ಸಲ್ಲದು. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರೊಫರ್ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಎರಡು ವರ್ಷಗಳ ನಂತರ ತೋಳಿನ ಬಳಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎಲುಬಿನ ತಲೆ, ಅಂದರೆ ಭುಜದ ಕೀಲಿನಲ್ಲಿ ಕೂರುವ ಅದರ ದುಂಡು ತುದಿ, ಕೀಲಿನಿಂದ ಹೊರಜಾರಿದ್ದರೆ ಅಥವಾ ಸೀಳಿದ್ದರೆ ಮಾತ್ರ ಲೆಕ್ಕ ಬೇರೆ. ಅದನ್ನು ವೈದ್ಯರಲ್ಲಿ ಸ್ಪಷ್ಟವಾಗಿ ಕೇಳಿರಿ. ವಯಸ್ಸಾದವರ ಎಲುಬು ಸವೆದು ದುರ್ಬಲವಾಗಿರುವುದರಿಂದ, ಪ್ಲೇಟಿಗೇ ಬಿಗಿದುಕೊಳ್ಳುವ ಲಾಕಿಂಗ್ ಸ್ಕ್ರೂಗಳನ್ನು ಬಳಸಿದರೂ, ಎಲುಬಿನ ತಲೆ ವಾಲಿದಾಗ ಅವುಗಳ ತುದಿ ಕೀಲಿನೊಳಕ್ಕೆ ತೂರಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಚಿಕಿತ್ಸೆ ಯಾವುದೇ ಇರಲಿ, ನೋವಿಗೆ ಹೆದರಿ ತಿಂಗಳುಗಟ್ಟಲೆ ಕಟ್ಟಿಟ್ಟ ತೋಳು ಬಿಗಿದುಹೋಗುವುದು ನಿಜಕ್ಕೂ ಸಂಕಟದ ಸಂಗತಿ; ಆದ್ದರಿಂದ ವೈದ್ಯರು ಒಪ್ಪಿದ ಕೂಡಲೇ ವ್ಯಾಯಾಮ ಆರಂಭಿಸಿರಿ.